ಹೊಕ್ಕುಳಬಳ್ಳಿಯ ನೆತ್ತರು

ಹೊಕ್ಕುಳಬಳ್ಳಿಯಲ್ಲಿ ಮಿಕ್ಕ ನೆತ್ತರು ಯಾರ ಸೊತ್ತು? ಚೊಚ್ಚಲ ಹೆರಿಗೆಗೆ ಮಗಳು ನಂಜನಗೂಡಿಗೆ ಬಂದಿದ್ದಾಳೆ. ತಿರುಮಕೂಡಲಿನ ಬೀಗರು, ಅದನ್ನು ಖಾಸಗಿ ಬ್ಯಾಂಕಿನಲ್ಲಿ ಇಡಿಸಿರೆನ್ನುತ್ತಾರೆ. ಹಣವನ್ನು ಕಂತಿನಲ್ಲಿ ಕಟ್ಟಬಹುದಂತೆ.

1988ರಲ್ಲಿ ಪ್ಯಾರಿಸ್ಸಿನ ವೈದ್ಯೆ ಎಲಿಯಾನ್ ಗ್ಲುಕ್‌ಮನ್ ಇಂಥ ನೆತ್ತರಿನಿಂದ ಬಾಲಕನೊಬ್ಬನನ್ನು ಉಳಿಸಿದರು, ನಿಜ. ಆದರೆ ಆ ನೆತ್ತರು ಅವನದಲ್ಲ, ಅವನ ತಂಗಿಯದು! ವಂಶದಿಂದ ಬಂದ ರೋಗಕ್ಕೆ ತನ್ನ ನೆತ್ತರೇ ಮದ್ದಾಗದು. ರೋಗದ ಬೀಜ ಅದರಲ್ಲಿಯೂ ಇರುತ್ತದೆ. ಮನೆಯಲ್ಲಿ ಅಂಥ ರೋಗಿಯಾದ ಅಣ್ಣನೋ ಅಕ್ಕನೋ ಇದ್ದರೆ ಮಾತು ಬೇರೆ. ಇಲ್ಲವಾದರೆ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಬಹುಮಟ್ಟಿಗೆ ನಮ್ಮ ಭಯವೇ ಹೆಪ್ಪುಗಟ್ಟಿ ಕುಳಿತಿರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಇಂಥ ಖಾಸಗಿ ಕೂಡಿಕೆಯನ್ನು ಒಪ್ಪುವುದಿಲ್ಲ.

ಸಾರ್ವಜನಿಕ ಭಂಡಾರಕ್ಕೆ ಕೊಡುವುದು ಎಷ್ಟೋ ಮೇಲು. ನಮ್ಮ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರಿದ ಮೇಲೆ, ಇದು ನಂಜನಗೂಡಿನ ನೀರೆಂದು ಯಾರೂ ಬೊಗಸೆಯೊಡ್ಡುವುದಿಲ್ಲವಷ್ಟೆ. ಆದರೂ ಒಂದು ತೊಡಕು. ದಾನಿ ನಾವಲ್ಲ, ಮಾತು ಬಾರದ ಕೂಸು. ಬಳ್ಳಿಯನ್ನು ಕತ್ತರಿಸಲು ಒಂದರಿಂದ ಮೂರು ನಿಮಿಷ ಕಾಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಗ ಹರಿದುಬರುವ ನೆತ್ತರಿನ ಕಬ್ಬಿಣ ಮಗುವಿಗೆ ತಿಂಗಳುಗಟ್ಟಲೆ ಒದಗುತ್ತದೆ. ಭಂಡಾರದ ಪಾಲು ಅಷ್ಟಕ್ಕಷ್ಟೇ ಕುಗ್ಗುತ್ತದೆ. ಹಸುಗೂಸಿನ ಪಾಲನ್ನು ಕಡಿದು ಪುಣ್ಯ ಕಟ್ಟಿಕೊಳ್ಳಲು ನಾನು ಯಾರು?

ಮಗಳಿಗೆ ಹೇಳಿದ್ದೇನೆ: “ವೈದ್ಯರ ಅಡ್ಡಿಯಿಲ್ಲದಿದ್ದರೆ ಕಾಯಲು ಹೇಳು, ತಾಯಿ. ಮಗುವಿಗೆ ಸಂದು ಮಿಕ್ಕದ್ದನ್ನು ಕೇಳುವವರಿದ್ದರೆ ಕೊಟ್ಟುಬಿಡು.”