ಹುಳು ತಿಂದ ಬಾಗಿಲು

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ರೋಗವು ಊರನ್ನು ಮುತ್ತುವುದಕ್ಕೆ ಮುಂಚೆಯೇ ಕಾಪನ್ನು ಇಡತಕ್ಕದ್ದೆಂದು ಅದು ನಮಗೆ ಕಲಿಸುತ್ತದೆ. ಆದರೆ ಹಾಕಿದ ಬಾಗಿಲೇ ಹುಳು ತಿಂದದ್ದಾಗಿದ್ದರೆ ಮಾಡತಕ್ಕದ್ದೇನು? ಈ ಪ್ರಶ್ನೆಯು ನಮ್ಮ ಶಿವಮೊಗ್ಗದ ಸೀಮೆಯಲ್ಲಿಯೇ ಎದ್ದದ್ದುಂಟು.

೧೯೫೭ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಣ ಹಳ್ಳಿಗಳವರು ಕಠಿಣವಾದ ಜ್ವರದಿಂದ ನರಳಿದರು. ಉಣ್ಣಿಯ ಕಡಿತದಿಂದ ತಗಲುವ ಈ ರೋಗವನ್ನು ಜನರು ಮಂಗನ ಕಾಯಿಲೆ ಎನ್ನುತ್ತಾರೆ. ಹಿಡಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಇದಕ್ಕೆಂದೇ ಇರುವ ಔಷಧವು ಇಲ್ಲ. ಹೀಗಿರಲಾಗಿ ಲಸಿಕೆಯು ಬಂದಾಗ ಮಲೆನಾಡಿನವರಿಗೆ ದೊಡ್ಡ ಧೈರ್ಯವಾಯಿತು. ೧೯೯೦ರಿಂದ ೧೯೯೨ರ ವರೆಗಿನ ಪರೀಕ್ಷೆಯಲ್ಲಿ ಎರಡು ಸಾರಿ ಹಾಕಿಸಿಕೊಂಡವರಿಗೆ ನೂರಕ್ಕೆ ೯೩ರಷ್ಟು ರಕ್ಷಣೆಯು ಕಂಡಿತು. ೨೦೦೫ರಿಂದ ೨೦೧೦ರ ವರೆಗಿನ ಲೆಕ್ಕವನ್ನು ನೋಡಲಾಗಿ ಅದು ೬೨ಕ್ಕೆ ಇಳಿದಿತ್ತು. ಮತ್ತೊಂದು ಸಾರಿ ಹಾಕಿಸಿಕೊಂಡವರಿಗೆ ೮೩ರಷ್ಟಿತ್ತು. ಅದಲ್ಲದೆ ಚುಚ್ಚಿದ ಸ್ಥಳವು ಬಹಳ ನೋಯುತ್ತಿತ್ತು; ವರುಷ ವರುಷವೂ ತಿರಿಗಿ ಹಾಕಿಸಬೇಕಾಗಿತ್ತು. ದಿನದ ಕೂಲಿಯನ್ನು ಕಳೆದುಕೊಳ್ಳಲಾರದ ಬಡವನು ಮೊದಲನೆಯ ಸಾರಿಗೇ ನಿಂತರೆ ಅವನನ್ನು ಹಳಿಯುವವರು ಯಾರು? ಕಡೆಗೆ, ಬೇಕಾದ ಬಲವು ಅದರಲ್ಲಿಲ್ಲವೆಂದು ಕಂಡದ್ದರಿಂದ, ೨೦೨೨ರಲ್ಲಿ ಲಸಿಕೆಯು ನಿಂತುಹೋಯಿತು.

ಇಲ್ಲಿ ಎರಡು ಪಕ್ಷಗಳುಂಟು. ಅರೆಹೊಟ್ಟೆಯ ಊಟವು ಉಪವಾಸಕ್ಕಿಂತ ಮೇಲಲ್ಲವೇ, ಹೊಸದು ಬರುವ ವರೆಗೆ ಹಳೆಯದನ್ನೇ ಕೊಡಬಾರದೇ ಎಂದು ಒಬ್ಬರು ಕೇಳುತ್ತಾರೆ. ಬಾಗಿಲು ಭದ್ರವೆಂದು ನಂಬಿದ ಕಾವಲುಗಾರನು ನಿದ್ದೆಹೋಗುತ್ತಾನೆ, ಲಸಿಕೆಯನ್ನು ನಂಬಿದವನು ಮೈಗೆ ತೈಲವನ್ನು ಸವರದೆ ಕಾಡಿಗೆ ಹೋಗುತ್ತಾನೆ ಎಂದು ಮತ್ತೊಬ್ಬರು ಹೇಳುತ್ತಾರೆ. ಇಬ್ಬರ ಮಾತಿನಲ್ಲಿಯೂ ಕನಿಕರವಿದೆ. ನಮಗೆ ತೋಚುವದೇನಂದರೆ, ಅರ್ಧ ಬಲದ ಮದ್ದನ್ನು ಅರ್ಧ ಬಲದ್ದೆಂದು ತಿಳಿಸಿ ಕೊಡುವದು ತಪ್ಪಲ್ಲ. ಪೂರ್ಣವೆಂದು ನಂಬಿಸಿ ಕೊಡುವದು ವಂಚನೆ. ಪರೀಕ್ಷೆಯಲ್ಲಿ ನಿಲ್ಲದ ಮದ್ದನ್ನು ಬಡವರ ಸಮಾಧಾನಕ್ಕಾಗಿ ಮುಂದುವರಿಸುವದು ದಯೆಯಂತೆ ತೋರಿದರೂ ದಯೆಯಲ್ಲ.

ಆದರೆ ಸತ್ಯವನ್ನು ಹೇಳಿ ಕೈತೊಳೆದುಕೊಳ್ಳುವದಕ್ಕೂ ಯಾರಿಗೂ ಅಧಿಕಾರವಿಲ್ಲ. ಹುಳು ತಿಂದ ಬಾಗಿಲನ್ನು ಕಿತ್ತವನು ಆ ಸ್ಥಳದಲ್ಲಿ ತಾನೇ ಕಾವಲು ನಿಲ್ಲಬೇಕು. ಕಾಡಿಗೆ ಹೋಗಬೇಡಿರೆಂದು ಬುದ್ಧಿ ಹೇಳುವದು ಸುಲಭ. ಅಡಿಕೆಯ ತೋಟಕ್ಕೂ ಕೊಟ್ಟಿಗೆಗೂ ಸೊಪ್ಪು ದರಗುಗಳನ್ನು ಹೊತ್ತು ಬದುಕುವವಳು ಹೋಗದೆ ಇದ್ದರೆ ಉಣ್ಣುವದೇನು? ಆಕೆಗೆ ಉಣ್ಣಿ ತಡೆಯುವ ತೈಲವು ಸಮಯಕ್ಕೆ ಸಿಕ್ಕಬೇಕು. ಜ್ವರ ಬಂದರೆ ರಕ್ತಪರೀಕ್ಷೆಯೂ ಆಸ್ಪತ್ರೆಯ ಹಾಸಿಗೆಯೂ ಹತ್ತಿರದಲ್ಲಿರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಹೊಸ ಲಸಿಕೆಯ ಕೆಲಸವನ್ನು ಕೈಕೊಂಡಿದ್ದಾರೆ. ಅದು ಬೇಗನೆ ಬರಲೆಂದು ನಾವು ಹಾರೈಸುತ್ತೇವೆ. ಆದರೂ ಪರೀಕ್ಷೆಯ ಒಂದು ಮೆಟ್ಟಲನ್ನಾದರೂ ಹಾರಿ ಬರಬಾರದು.

ನಮಗೂ ಒಂದು ಕರ್ತವ್ಯವುಂಟು. ಕಾಡಂಚಿನಲ್ಲಿ ಸತ್ತ ಮಂಗವನ್ನು ಕಂಡರೆ ಮುಟ್ಟದೆ, ತಡಮಾಡದೆ ಆರೋಗ್ಯ ಕೇಂದ್ರಕ್ಕೆ ತಿಳಿಸೋಣ. ಹೊಸ ಮದ್ದು ಬಂದಾಗ, ಇದರ ಬಲವೆಷ್ಟು, ನೋವೆಷ್ಟು, ಎಷ್ಟು ಸಾರಿ ಎಂದು ಅಂಜದೆ ಕೇಳೋಣ. ಕೇಳುವವನು ಅವಿಶ್ವಾಸಿಯಲ್ಲ; ಬಾಗಿಲನ್ನು ತಟ್ಟಿ ನೋಡುವ ಒಳ್ಳೆಯ ಕಾವಲುಗಾರನು.