ಕೈಗೆಲಸವೂ ದೇವರ ಕರೆಯೇ



ಪಿಯುಸಿ ಫಲಿತಾಂಶ ಬಂತೆಂದರೆ ನಮ್ಮ ಮನೆಗಳಲ್ಲಿ ಜಪಮಾಲೆಯ ಕೋರಿಕೆಗಳು ಬದಲಾಗುತ್ತವೆ. ಮಗನಿಗೆ ಎಂಜಿನಿಯರಿಂಗ್ ಸೀಟು ಸಿಗಲಿ, ಮಗಳಿಗೆ ನರ್ಸಿಂಗ್ ಸಿಗಲಿ ಎಂದು ಮೊಣಕಾಲೂರಿ ಬೇಡುತ್ತೇವೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಮಗಳು, "ಅಪ್ಪಾ, ನಾನು ಇಂಟೀರಿಯರ್ ಡಿಸೈನ್ ಓದುತ್ತೇನೆ" ಎಂದಳೆನ್ನಿ. ಅಥವಾ ಮಗ, "ನನಗೆ ಅಪ್ಲೈಡ್ ಆರ್ಟ್ ಬೇಕು" ಎಂದನೆನ್ನಿ. ಆಗ ಮನೆಯಲ್ಲಿ ಮೌನ ಕವಿಯುತ್ತದೆ. ಅದೂ ಒಂದು ಓದೇ ಎಂಬ ಪ್ರಶ್ನೆ ಎಲ್ಲರ ಮುಖದಲ್ಲೂ ಕಾಣುತ್ತದೆ.

ಮರಗೆಲಸ ಮಾಡುವ ತಂದೆಯೊಬ್ಬರು ನನ್ನ ಬಳಿ ಹೀಗೆ ಹೇಳಿಕೊಂಡರು: "ಫಾದರ್, ನಾನು ಉಳಿ, ಕೊಡತಿ ಹಿಡಿದು ಕೈ ಸವೆಸಿದ್ದು ಮಗಳು ಫ್ಯಾನಿನ ಕೆಳಗೆ ಕೂತು ಕೆಲಸ ಮಾಡಲಿ ಅಂತ. ಅವಳು ಈಗ ಲಕ್ಷಗಟ್ಟಲೆ ಫೀಸು ಕಟ್ಟಿ ನನ್ನ ಕೆಲಸವನ್ನೇ ಕಲೀತೀನಿ ಅಂತಾಳಲ್ಲ!" ಈ ಮಾತನ್ನು ನಕ್ಕು ಬಿಟ್ಟುಬಿಡಬಾರದು. ಕೈಗೆಲಸದ ಕಷ್ಟ ಅದನ್ನು ಮಾಡಿದವರಿಗೇ ಗೊತ್ತು.

ಪವಿತ್ರ ಗ್ರಂಥವೂ ಆ ಕಷ್ಟವನ್ನು ಮುಚ್ಚಿಡುವುದಿಲ್ಲ. ಸಿರಾಖನ ಗ್ರಂಥದ 38ನೇ ಅಧ್ಯಾಯವನ್ನು ಓದಿ ನೋಡಿ. ಅಲ್ಲಿ ಹಗಲಿರುಳು ಮುದ್ರೆ ಕೆತ್ತುವವನಿದ್ದಾನೆ. ಕುಲುಮೆಯ ಬೇಗೆಯಲ್ಲಿ ಮೈ ಬೇಯಿಸಿಕೊಳ್ಳುವ ಕಮ್ಮಾರನಿದ್ದಾನೆ, ಕಾಲಿನಿಂದ ಚಕ್ರ ತಿರುಗಿಸುವ ಕುಂಬಾರನಿದ್ದಾನೆ. ಇವರನ್ನು ಯಾರೂ ಹಿರಿಯರ ಸಭೆಗೆ ಕರೆಯುವುದಿಲ್ಲ, ನ್ಯಾಯಪೀಠದಲ್ಲಿ ಕೂರಿಸುವುದಿಲ್ಲ. ಆದರೂ ಇವರಿಲ್ಲದೆ ಯಾವ ಊರೂ ನಿಲ್ಲದು. ಇವರು ಮಾಡುವ ಕೆಲಸವೇ ಇವರ ಪ್ರಾರ್ಥನೆ ಎಂಬ ಅರ್ಥದಲ್ಲಿ ಆ ಜ್ಞಾನಿ ಮಾತು ಮುಗಿಸುತ್ತಾನೆ.

ವಿಮೋಚನಾಕಾಂಡದ 31ನೇ ಅಧ್ಯಾಯವಂತೂ ಇನ್ನೂ ಮುಂದೆ ಹೋಗುತ್ತದೆ. ದೇವದರ್ಶನದ ಗುಡಾರ ಸಿದ್ಧವಾಗಬೇಕಿತ್ತು. ಪರದೆ, ದೀಪಸ್ತಂಭ, ಮೇಜು, ಯಾಜಕರ ಉಡುಪು ಎಲ್ಲವೂ ಆಗಬೇಕಿತ್ತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ಒಳಾಂಗಣ ವಿನ್ಯಾಸದ ಕೆಲಸವೇ. ಅದಕ್ಕಾಗಿ ಸರ್ವೇಶ್ವರ ಬೆಚಲೇಲನನ್ನು ಹೆಸರು ಹಿಡಿದು ಕರೆದರು. ಅವನನ್ನು ತಮ್ಮ ಆತ್ಮದಿಂದ ತುಂಬಿಸಿದರು. ಅಂದರೆ ಚಿನ್ನ ಬೆಳ್ಳಿಯ ಕೆಲಸ, ಕಲ್ಲು ಕೆತ್ತನೆ, ಮರಗೆಲಸ ಇವೆಲ್ಲ ಅವನಿಗೆ ಪವಿತ್ರಾತ್ಮರ ಕೊಡುಗೆಯಾಗಿ ಬಂದವು. ಕೈಯಿಂದ ನೂಲು ತೆಗೆದ ಜಾಣೆಯರನ್ನೂ ಅದೇ ಗ್ರಂಥ ಮರೆಯದೆ ನೆನೆಯುತ್ತದೆ.

ಕೈಗೆಲಸಕ್ಕೆ ಬುದ್ಧಿ ಬೇಡ ಎನ್ನುವವರಿಗೆ ಸಂತ ಥಾಮಸ್ ಅಕ್ವಿನಾಸರಲ್ಲಿ ಉತ್ತರವಿದೆ. ಒಂದು ವಸ್ತುವನ್ನು ಹೇಗೆ ಮಾಡಬೇಕೆಂಬ ಸರಿಯಾದ ವಿವೇಚನೆಯೇ ಕಲೆ ಎಂದು ಅವರು ಬೋಧಿಸಿದರು. ಅದನ್ನು ಬುದ್ಧಿಯ ಸದ್ಗುಣಗಳಲ್ಲಿ ಎಣಿಸಿದರು. ಆದ್ದರಿಂದ ಆ ಮಗಳು ತಂದೆಗಿಂತ ಕೆಳಗೆ ಇಳಿಯುತ್ತಿಲ್ಲ. ತಂದೆಯ ಕೈಯಲ್ಲಿರುವ ವಿವೇಚನೆಗೆ ಶಾಸ್ತ್ರವನ್ನು ಸೇರಿಸಲು ಹೊರಟಿದ್ದಾಳೆ.

ಇದು ಕರೆಯೇ ಹೌದಾದರೆ, ಗುರುದೀಕ್ಷೆಯ ಕರೆಯಂತೆ ಇದನ್ನೂ ಪರೀಕ್ಷಿಸಿ ನೋಡಬೇಕು. ಮೂರು ಪ್ರಶ್ನೆಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು: ಇದು ವರವೋ, ಬರಿಯ ಆಸೆಯೋ? ಮೊಬೈಲಿನಲ್ಲಿ ಚೆಂದದ ಕೋಣೆಗಳ ಚಿತ್ರ ನೋಡಿ ಹುಟ್ಟಿದ ಆಸೆ ಬೇಗ ಆರುತ್ತದೆ. ವರವಿದ್ದವರಿಗೆ ಕೆಲಸದ ಧೂಳೂ ಹಿತವೆನಿಸುತ್ತದೆ. ರಜೆಯಲ್ಲಿ ಒಂದು ತಿಂಗಳು ಮಗಳನ್ನು ಕಟ್ಟಡ ಕೆಲಸ ನಡೆಯುವ ಕಡೆ ಕರೆದೊಯ್ಯಿರಿ. ಅಳತೆ ಹಿಡಿಯಲಿ, ವೈರಿಂಗ್ ಎಲ್ಲಿ ಹೋಗುತ್ತದೆ, ನೀರಿನ ಪೈಪು ಎಲ್ಲಿ ತಿರುಗುತ್ತದೆ ನೋಡಲಿ, ಗಿರಾಕಿಯ ಗೊಣಗಾಟ ಕೇಳಲಿ. ಆಮೇಲೂ ಮನಸ್ಸು ಶಾಂತವಾಗಿ ಅದನ್ನೇ ಬಯಸಿದರೆ, ಆ ಶಾಂತಿಯನ್ನು ಗೌರವಿಸಿ.

ಎರಡನೆಯದು: ಖರ್ಚನ್ನು ಲೆಕ್ಕ ಹಾಕಿದ್ದೀರಾ? ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಲೆಕ್ಕ ಹಾಕಬೇಕೆಂದು ಯೇಸುಸ್ವಾಮಿ ಎಚ್ಚರಿಸಿದ್ದಾರೆ (ಲೂಕ 14). ಈ ಓದಿನಲ್ಲಿ ದಾರಿಗಳು ಹಲವು. ಜಾಹೀರಾತು, ಅಕ್ಷರ ವಿನ್ಯಾಸ, ಪುಸ್ತಕದ ಚಿತ್ರ, ಪ್ಯಾಕೆಟ್ಟಿನ ವಿನ್ಯಾಸ ಇವು ಅನ್ವಯಿಕ ಕಲೆಗೆ ಸೇರಿದವು. ಬೆಂಗಳೂರಿನಲ್ಲಿ 1960ರಲ್ಲಿ ಸ್ಥಾಪನೆಯಾದ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಕಾಲೇಜು, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಇದಕ್ಕೆ ಹೆಸರಾದವು. ದೃಶ್ಯಕಲಾ ಪದವಿ ಸಾಮಾನ್ಯವಾಗಿ 4 ವರ್ಷದ್ದು. ಒಳಾಂಗಣ ವಿನ್ಯಾಸಕ್ಕೆ ಡಿಪ್ಲೊಮಾ ಉಂಟು, ಬಿ.ಎಸ್ಸಿ. ಉಂಟು, 4 ವರ್ಷದ ಬಿ.ಡಿಸೈನ್ ಉಂಟು. ವಾಸ್ತುಶಿಲ್ಪದ ಬಿ.ಆರ್ಕ್. ಬೇರೆಯೇ, ಅದು 5 ವರ್ಷದ ಓದು. 1972ರ ಕಾಯಿದೆಯ ಪ್ರಕಾರ ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು ಮಾತ್ರ ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ಒಳಾಂಗಣ ವಿನ್ಯಾಸ ಓದಿದವರಿಗೆ ಆ ಹೆಸರು ಸಲ್ಲದು.

ಬಣ್ಣದ ಕರಪತ್ರ ನೋಡಿ ಮರುಳಾಗಬೇಡಿ. ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು, ಅದಕ್ಕೆ ಯುಜಿಸಿ ಮಾನ್ಯತೆ ಇದೆಯೇ, ಅಥವಾ ಕೈಗೆ ಸಿಗುವುದು ಬರೀ ಸಂಸ್ಥೆಯ ಸರ್ಟಿಫಿಕೇಟೋ ಎಂದು ಕೇಳಿ. ಮರಗೆಲಸದ ಕಾರ್ಯಾಗಾರ ಇದೆಯೇ ನೋಡಿ. ಬಹುಮಾನ ಬಂದವರ ಕೆಲಸ ತೋರಿಸಿದರೆ ಸಾಲದು, ಸಾಧಾರಣ ವಿದ್ಯಾರ್ಥಿಯ ಕೊನೆಯ ವರ್ಷದ ಕೆಲಸವನ್ನೂ ತೋರಿಸಿ ಎನ್ನಿ. ಹಿಂದಿನ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ ಎಂದು ವಿಚಾರಿಸಿ. ಫೀಸಿನ ಜೊತೆ ಕಂಪ್ಯೂಟರ್, ಕಾಗದ, ಬಣ್ಣ, ಮಾದರಿಗಳ ಖರ್ಚನ್ನೂ ಕೂಡಿಸಿ. ತಾಯಿಯ ಒಡವೆ ಅಡವಿಟ್ಟು ಅರ್ಧದಲ್ಲಿ ನಿಲ್ಲುವ ಓದಿಗಿಂತ, ಕಡಿಮೆ ಖರ್ಚಿನ ಡಿಪ್ಲೊಮಾದಿಂದ ಆರಂಭಿಸುವುದು ಜಾಣತನ. ಅದು ಸೋಲಲ್ಲ.

ಮೂರನೆಯದು: ಈ ವಿದ್ಯೆ ಯಾರಿಗಾಗಿ? ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅದರ ಗೋಡೆ, ಚಾವಣಿಗಳಿಗೆ 1900ರ ಆಸುಪಾಸಿನಲ್ಲಿ ಚಿತ್ರ ಬರೆದವರು ಇಟಲಿಯ ಅಂತೋನಿಯೊ ಮೊಸ್ಕೇನಿ. ಅವರು ಗುರುವಲ್ಲ, ಯೇಸುಸಭೆಯ ಸಹೋದರರು. ಬೆರ್ಗಾಮೊ ಪಟ್ಟಣದ ಕಲಾಶಾಲೆಯಲ್ಲಿ ಕಲಿತ ವಿದ್ಯೆಯನ್ನು ಅವರು ದೇವರಿಗೂ, ಕಂಡು ಕೇಳದ ಊರಿನ ಜನರಿಗೂ ಧಾರೆಯೆರೆದರು. ಇಂದಿಗೂ ಆ ಗೋಡೆಗಳು ಮಾತಿಲ್ಲದೆ ಬೋಧಿಸುತ್ತಿವೆ.

ಎಲ್ಲರೂ ಪ್ರಾರ್ಥನಾಲಯಕ್ಕೇ ಬಣ್ಣ ಹಚ್ಚಬೇಕಾಗಿಲ್ಲ. ಮಂಡಿನೋವಿನ ಅಜ್ಜಿಯ ಬಚ್ಚಲಿಗೆ ಒಂದು ಹಿಡಿಕೆ, ಗಾಲಿಕುರ್ಚಿಯವರು ದೇವಾಲಯಕ್ಕೆ ಬರಲು ಒಂದು ಇಳಿಜಾರು, ಒಂದೇ ಕೋಣೆಯ ಮನೆಯಲ್ಲಿ ಓದುವ ಹುಡುಗನಿಗೆ ಬೆಳಕು ಬೀಳುವ ಒಂದು ಮೂಲೆ, ಇವೂ ವಿನ್ಯಾಸವೇ. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ದೈವಾರಾಧನೆಯ ಕಲೆಯ ಬಗ್ಗೆ ಹೇಳುವಾಗ ಆಡಂಬರವನ್ನು ಬಿಟ್ಟು ಘನತೆಯುಳ್ಳ ಸೌಂದರ್ಯವನ್ನು ಅರಸಲು ಕೇಳಿತು. ನಮ್ಮ ಮನೆಗಳಿಗೂ ಈ ಮಾತು ಒಪ್ಪುತ್ತದೆ.

ಈ ವೃತ್ತಿಯಲ್ಲಿ ಶೋಧನೆಗಳೂ ಉಂಟು. ಗಿರಾಕಿಗೆ ತಿಳಿಯದಂತೆ ಪ್ಲೈವುಡ್ ಅಂಗಡಿಯಿಂದ ಕಮಿಷನ್ ಪಡೆಯುವುದು, ಒಳ್ಳೆಯ ಮಾಲಿನ ಬಿಲ್ಲು ತೋರಿಸಿ ಕಳಪೆ ಮಾಲು ಹಾಕುವುದು, ಬಡಗಿಯ ಕೂಲಿಯನ್ನು ತಡೆಹಿಡಿಯುವುದು. ವಿದ್ಯೆ ಕಲಿಯುವ ಮೊದಲೇ ಮಕ್ಕಳಿಗೆ ಇದನ್ನು ಹೇಳಿಕೊಡಿ. ಲ್ಯಾಮಿನೇಟಿನ ಹಿಂದೆ ಏನಿದೆ ಎಂದು ಗಿರಾಕಿಗೆ ಕಾಣದು, ದೇವರಿಗೆ ಕಾಣುತ್ತದೆ.

ಪ್ರಿಯರೇ, ಇಂದು ಸಂಜೆ ಜಪಮಾಲೆಯಾದ ಮೇಲೆ ಟಿ.ವಿ. ಹಚ್ಚಬೇಡಿ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಮೂರು ಪ್ರಶ್ನೆಗಳನ್ನು ಕೇಳಿ, ಅವಳ ಉತ್ತರವನ್ನು ಕೊನೆಯವರೆಗೂ ಆಲಿಸಿ. ನಜರೇತಿನ ಬಡಗಿ ಸಂತ ಜೋಸೆಫರ ಪ್ರಾರ್ಥನಾ ಸಹಾಯ ಬೇಡಿ. ಅವರ ಮನೆಯಲ್ಲಿ ದೇವಪುತ್ರನೇ ಮರಗೆಲಸ ಕಲಿತರು. ಆ ಪ್ರಭು ನಿಮ್ಮ ಮಕ್ಕಳ ಕೈಗಳನ್ನು ಆಶೀರ್ವದಿಸಲಿ; ನಿಮ್ಮ ನಿರ್ಧಾರಕ್ಕೆ ಬೆಳಕು ನೀಡಲಿ. ಆಮೆನ್.