ಕಂಸಾಳೆ ಬೀಸುವ ಮಣಿಕಟ್ಟು

ಮಾದಪ್ಪನ ಬೆಟ್ಟದ ಜಾತ್ರೆಯಲ್ಲಿ ಬೀಸು ಕಂಸಾಳೆ ನೋಡುವಾಗ ಕಣ್ಣು ತಾಳದ ಹಿಂದೆಯೇ ಓಡುತ್ತದೆ. ಎಡಗೈಯಲ್ಲಿ ಬಟ್ಟಲಿನಂಥದು, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆಯದು. ತಲೆಯ ಮೇಲೆ, ಬೆನ್ನ ಹಿಂದೆ ಸುತ್ತಿ ಬಂದು ಬಟ್ಟಲಿಗೆ ತಾಗುವುದು ಒಂದೇ ಕ್ಷಣ. ನಾನು ಈಗ ಕಂಸಾಳೆ ಬೀಸುವ ದೇವರಗುಡ್ಡರ ಮಣಿಕಟ್ಟನ್ನೇ ನೋಡುತ್ತ ನಿಲ್ಲುತ್ತೇನೆ. ಬೀಸುವುದು ತೋಳಾದರೂ ಕೊನೆಯ ಬಳುಕು ಅಲ್ಲಿಯದು.

ಕೊಳ್ಳೇಗಾಲದ ಮಗ್ಗದಲ್ಲಿ ಲಾಳಿಯ ಹಗ್ಗ ಜಗ್ಗುವ ಕೈಗೂ, ಯಳಂದೂರಿನ ಗದ್ದೆಯಲ್ಲಿ ಕಬ್ಬು ಕಡಿಯುವ ಕೈಗೂ, ಹನೂರಿನ ಮನೆಗಳಲ್ಲಿ ಹಿಟ್ಟು ತೊಳಸುವ ಕೈಗೂ ಆ ಬಳುಕು ಬೇಕು. ಮಣಿಕಟ್ಟು ಸವೆದವರಿಗೆ ಪಾತ್ರೆ ಎತ್ತುವುದೂ ಕಷ್ಟ.

ಮಣಿಕಟ್ಟಿನಲ್ಲಿ ಎರಡು ಸಾಲಾಗಿ 8 ಸಣ್ಣ ಮೂಳೆಗಳಿವೆ. ಹೆಬ್ಬೆರಳಿನ ಕಡೆ ದೋಣಿಯಾಕಾರದ ಸ್ಕೇಫಾಯ್ಡ್ ಇದೆ. ಬೈಕಿನಿಂದ ಬಿದ್ದು ಅಂಗೈ ಊರಿದಾಗ ಆ ಎಂಟರಲ್ಲಿ ಹೆಚ್ಚಾಗಿ ಮುರಿಯುವುದು ಇದೇ. ಇದಕ್ಕೆ ರಕ್ತ ಬಹುಪಾಲು ಬೆರಳಿನ ಕಡೆಯ ತುದಿಯಿಂದ ಹರಿಯುವುದರಿಂದ ಮುಂಗೈ ಕಡೆಯ ತುಂಡು ಕೂಡುವುದು ನಿಧಾನ. ಕೆಲವೊಮ್ಮೆ ಕೂಡುವುದೇ ಇಲ್ಲ. ನಾವಾದರೋ ಉಳುಕಿದೆ ಎಂದುಕೊಂಡು ಎಣ್ಣೆ ನೀವಿಸಿ, ಪಟ್ಟು ಕಟ್ಟಿಸಿ, ಊತ ಇಳಿದ ಕೂಡಲೇ ಕೆಲಸಕ್ಕೆ ಹೊರಡುತ್ತೇವೆ. ಕೂಡದ ಮೂಳೆ ಒಳಗೇ ಅಲುಗುತ್ತ, ವರ್ಷಗಟ್ಟಲೆ ಕೀಲಿನ ಮೆತ್ತೆಯನ್ನು ಉಜ್ಜಿಹಾಕುತ್ತದೆ.

ಈ ಸವೆತಕ್ಕೊಂದು ಕ್ರಮವಿದೆ. ಚಂದ್ರಾಕಾರದ ಲ್ಯುನೇಟ್ ಮೂಳೆ ಮುಂಗೈಗೆ ಕೂಡುವ ಜಾಗ ಬಹುಕಾಲ ಕೆಡದೆ ಉಳಿಯುತ್ತದೆ. ವಾಟ್ಸನ್ ಮತ್ತು ಬ್ಯಾಲೆ ಎಂಬ ವೈದ್ಯರು 1984ರಲ್ಲಿ ಮಣಿಕಟ್ಟಿನ ಸವೆತದ ಬಗ್ಗೆ ಬರೆದಾಗ ಗುರುತಿಸಿದ್ದು ಇದನ್ನೇ. ಸವೆದ ಮಣಿಕಟ್ಟಿನ ಕೆಲವು ಮೂಳೆಗಳನ್ನಷ್ಟೇ ಒಂದಕ್ಕೊಂದು ಬೆಸೆಯುವ ಶಸ್ತ್ರಚಿಕಿತ್ಸೆ ಆ ಒಂದು ಒಳ್ಳೆಯ ಜಾಗವನ್ನು ನಂಬಿದೆ. ಸವೆದ ಸ್ಕೇಫಾಯ್ಡನ್ನು ತೆಗೆದು, ಲ್ಯುನೇಟೂ ಸೇರಿದಂತೆ ನಾಲ್ಕು ಮೂಳೆಗಳನ್ನು ಸ್ಕ್ರೂ ಅಥವಾ ಪ್ಲೇಟ್ ಹಾಕಿ ಒಂದೇ ಮೂಳೆಯಾಗಿ ಬೆಳೆಯಲು ಬಿಡುತ್ತಾರೆ.

ಫಲವೇನು? ಹೆಚ್ಚಿನವರಿಗೆ ನೋವು ಬಹಳ ಇಳಿಯುತ್ತದೆ. ಮಣಿಯುವುದು ಇನ್ನೊಂದು ಕೈಗೆ ಹೋಲಿಸಿದರೆ ಸುಮಾರು ಅರ್ಧ, ಹಿಡಿತದ ಬಲ ಮುಕ್ಕಾಲು. ಹತ್ತು ವರ್ಷ ದಾಟಿದ ಮೇಲೆ ಪರೀಕ್ಷಿಸಿದ ಕೈಗಳಲ್ಲೂ ಹೆಚ್ಚಿನವು ಹೀಗೇ ಉಳಿದಿವೆ. ಅಂಗೈಯನ್ನು ಮೇಲೆ ಕೆಳಗೆ ಹೊರಳಿಸುವುದು ಮುಂಗೈ ಮೂಳೆಗಳ ಕೆಲಸವಾದ್ದರಿಂದ ಅದಕ್ಕೆ ಅಡ್ಡಿಯಿಲ್ಲ. ಕೆಲವರಲ್ಲಿ ಮೂಳೆ ಬೆಸೆಯುವುದಿಲ್ಲ. ಬೀಡಿ ಸಿಗರೇಟು ಸೇದುವವರಿಗೆ ಈ ಭಯ ಹೆಚ್ಚು. ಮುಂದೆ ಇಡೀ ಮಣಿಕಟ್ಟನ್ನೇ ಬೆಸೆಯಬೇಕಾಗಿ ಬರುವವರೂ ಇದ್ದಾರೆ.

ಆದರೆ ಕಂಸಾಳೆಯ ಬಳುಕು? ಕೈಯನ್ನು ಹೆಬ್ಬೆರಳ ಕಡೆಗೆ ಹಿಂದಕ್ಕೆತ್ತಿ ಕಿರುಬೆರಳ ಕಡೆಗೆ ಬೀಸುವ ಆ ಚಲನೆ, ಸುತ್ತಿಗೆಯದೂ ಮಚ್ಚಿನದೂ ಅದೇ, ಹೆಚ್ಚಾಗಿ ಎರಡು ಸಾಲು ಮೂಳೆಗಳ ನಡುವೆ ಹುಟ್ಟುತ್ತದೆ. ನಾಲ್ಕು ಮೂಳೆಗಳ ಬೆಸುಗೆ ಬೀಳುವುದೂ ಅಲ್ಲೇ. ಮುಂಗೈ ಮೂಳೆಯ ತುದಿ ಮುರಿದೋ ಸಂಧಿವಾತದಿಂದಲೋ ಮುಂಗೈಗೂ ಮೊದಲ ಸಾಲಿಗೂ ನಡುವಿನ ಕೀಲು ಮಾತ್ರ ಕೆಟ್ಟವರಿಗೆ ಅವೆರಡನ್ನೇ ಬೆಸೆಯುವುದುಂಟು. ಆಗ ಈ ಬೀಸು ತಕ್ಕಮಟ್ಟಿಗೆ ಉಳಿಯುತ್ತದೆ. ಎಲ್ಲಿ ಬೆಸೆಯಬೇಕೆಂಬುದನ್ನು ಸವೆತವೇ ಹೇಳುತ್ತದೆ, ನಮ್ಮ ಆಸೆಯಲ್ಲ. ಅದಕ್ಕೇ ಶಸ್ತ್ರಚಿಕಿತ್ಸೆಗೆ ಮೊದಲು ಸರಿಹೋಗುತ್ತದಾ ಡಾಕ್ಟ್ರೇ ಎಂದಷ್ಟೇ ಕೇಳಿದರೆ ಸಾಲದು. ಕೈಗೆ ದಿನವೂ ಏನು ಕೆಲಸವೆಂದು ಅಭಿನಯಿಸಿ ತೋರಿಸಿ, ಇದರಲ್ಲಿ ಎಷ್ಟು ಉಳಿಯುತ್ತದೆ ಎಂದು ಕೇಳಬೇಕು. ವೈದ್ಯರೂ ಅದನ್ನು ಕೂತು ನೋಡಬೇಕು.

ಶಸ್ತ್ರಚಿಕಿತ್ಸೆಯಾದ ಮೇಲೆ ಪಟ್ಟಿ ಹಾಕಿದ ಮಣಿಕಟ್ಟು ಆರರಿಂದ ಎಂಟು ವಾರ ಕದಲಬಾರದು, ಭಾರದ ಕೆಲಸಕ್ಕೆ ಇನ್ನೂ ತಿಂಗಳುಗಳು ಬೇಕು. ಸೀರೆಗಿಷ್ಟು ಎಂದು ಕೂಲಿ ಪಡೆಯುವವರ ಮನೆಯಲ್ಲಿ ಅಷ್ಟು ದಿನ ಮಗ್ಗ ಸುಮ್ಮನಿರುತ್ತದೆ. ಒಳ್ಳೆಯ ಫಲದ ಲೆಕ್ಕದಲ್ಲಿ ಈ ದಿನಗಳು ಸೇರುವುದೇ ಇಲ್ಲವೆಂಬುದು ನನಗೆ ನೋವಿನ ಸಂಗತಿ.

ಇಷ್ಟು ದೂರ ಹೋಗದಂತೆ ತಡೆಯುವ ಕಾಲ ಬಿದ್ದ ದಿನದ್ದೇ. ಹೆಬ್ಬೆರಳನ್ನು ಮೇಲೆತ್ತಿದರೆ ಅದರ ಬುಡದಲ್ಲೊಂದು ಗುಳಿ ಬೀಳುತ್ತದೆ. ಒತ್ತಿದಾಗ ಅಲ್ಲಿ ನೋವಿದ್ದರೆ ಎಕ್ಸ್‌ರೇ ತೆಗೆಸಬೇಕು. ಮೊದಲ ಎಕ್ಸ್‌ರೇಯಲ್ಲಿ ಬಿರುಕು ಕಾಣದೆಯೂ ಹೋಗಬಹುದು. ಆಗಲೂ ಕೈಗೆ ಪಟ್ಟಿ ಹಾಕಿಸಿಕೊಂಡು, ಹತ್ತರಿಂದ ಹದಿನಾಲ್ಕು ದಿನದ ಮೇಲೆ ಮತ್ತೊಮ್ಮೆ ತೆಗೆಸಬೇಕು.